ಅಂಕಮ್ಮನ ಎಣ್ಣೆ, ಬೆಟ್ಟಸ್ವಾಮಿಯ ಎರಡು ಡಜನ್ ಚಡ್ಡಿ

ಹೊನ್ನವಳ್ಳಿಯಲ್ಲಿ ಯಾರು ಎಷ್ಟು ದೊಡ್ಡವರಾದರೂ ಅಂಕಮ್ಮನ ಮುಂದೆ ಅವರ ದೊಡ್ಡಸ್ತಿಕೆ ನಡೆಯುವುದಿಲ್ಲ. ಪಂಚಾಯ್ತಿ ಮೆಂಬರು ಇಸ್ತ್ರಿ ಶರ್ಟು ತೊಟ್ಟು ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನರೆದುರು ಎದೆಯುಬ್ಬಿಸಿ ಮಾತಾಡುತ್ತಿದ್ದರೆ, ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಪಕ್ಕದವಳಿಗೆ ಹೇಳುತ್ತಾಳೆ: "ಇವ್ನಾ? ನಾಲ್ಕು ತಿಂಗ್ಳಾದ್ರೂ ಕತ್ತು ನಿಂತಿರ್ಲಿಲ್ಲ ಕಣೇ ಇವನಿಗೆ. ನಾನೇ ನೀವಿ ನೀವಿ ನಿಲ್ಲಿಸ್ದೆ. ಈಗ ನೋಡು, ಬಗ್ಸೋಕೇ ಬರಲ್ಲ."

ಹೀಗೆ ಹೇಳುವ ಹಕ್ಕು ಅವಳಿಗಿದೆ. ನಲವತ್ತೊಂದು ವರ್ಷದಿಂದ ಊರಿನ ಕೂಸುಗಳಿಗೆ ಎಣ್ಣೆ ತಿಕ್ಕಿ ನೀರು ಹಾಕುತ್ತಿರುವವಳು ಅವಳೇ. ಯಾರಾದರೂ "ನಲವತ್ತು ವರ್ಷ" ಅಂದರೆ ತಿದ್ದುತ್ತಾಳೆ. ಒಂದು ವರ್ಷವನ್ನು ಯಾಕೆ ಬಿಟ್ಟುಕೊಡಬೇಕು?

ಅವಳ ಗಂಡ ತೋಟಗಳಲ್ಲಿ ಕಾಯಿ ಸುಲಿಯುವವನಾಗಿದ್ದ. ದಿನಕ್ಕೆ ಸಾವಿರ ಕಾಯಿ ಸುಲಿಯುತ್ತಿದ್ದ ಗಟ್ಟಿ ಆಳು. ಕಾಯಿ ಮಟ್ಟೆಯ ರಾಶಿಯಲ್ಲಿ ಹಾವು ಮುಟ್ಟಿ ಒಂದೇ ಮಧ್ಯಾಹ್ನದಲ್ಲಿ ಹೋಗಿಬಿಟ್ಟ. ಅಂಕಮ್ಮನಿಗೆ ಆಗ ಇಪ್ಪತ್ತೇಳು, ಮಡಿಲಲ್ಲಿ ಎರಡು ಹೆಣ್ಣು. ಅತ್ತೆ ಹತ್ತು ದಿನ ಸುಮ್ಮನಿದ್ದು ಹನ್ನೊಂದನೆಯ ದಿನ ಅಂದಳು: "ಅಳೋದು ಹತ್ತು ದಿನ, ಉಣ್ಣೋದು ದಿನಾಲೂ. ಬಾ ನನ್ ಜೊತೆ." ಅತ್ತೆ ಊರಿನ ಬಾಣಂತಿಯರಿಗೆ, ಕೂಸುಗಳಿಗೆ ನೀರು ಹಾಕುವವಳು. ಅಂಕಮ್ಮ ಹಿಂದೆ ಹೋದಳು. ಓದು ಎರಡನೇ ಕ್ಲಾಸಿಗೇ ನಿಂತಿತ್ತು. ಆದರೆ ಅತ್ತೆ ಕಲಿಸಿದ ಒಂದು ಅಳತೆಯನ್ನೂ ಅವಳು ಮರೆಯಲಿಲ್ಲ.

ಅಳತೆ ಇಷ್ಟು. ಹಂಡೆಯ ನೀರು ಕುದಿಯಬಾರದು, ಮೊಣಕೈ ಅದ್ದಿದರೆ 'ಹಾ' ಅನ್ನಿಸಬೇಕು, 'ಹಾಯ್' ಅನ್ನಿಸಬಾರದು. ನೀಡಿದ ಕಾಲಿನ ಮೇಲೆ ಕೂಸು ಮಲಗಿಸಿ ನೆತ್ತಿಗೆ ಒಂದು ಅಂಗೈ ಕೊಬ್ಬರಿ ಎಣ್ಣೆ, ಎದೆ ಬೆನ್ನಿಗೆ ಒಂದು, ಕೈಕಾಲಿಗೆ ಒಂದು. ನೀರು ಹಾಕಿ, ಕಡ್ಲೆಹಿಟ್ಟು ಹಚ್ಚಿ ತೊಳೆದು, ಒರೆಸಿ, ಸಾಂಬ್ರಾಣಿ ಹೊಗೆ ತೋರಿಸಿದ ಮೇಲೆ ಕೊನೆಗೆ ಇನ್ನರ್ಧ ಅಂಗೈ ಎಣ್ಣೆ. ಅದು ಕತ್ತಿನ ಮಡಿಕೆಗೆ, ಕಂಕುಳಿಗೆ, ತೊಡೆಸಂದಿಗೆ. ಒಟ್ಟು ಮೂರೂವರೆ ಅಂಗೈ. ಬಡವರ ಮನೆಯಲ್ಲಿ ಕಮ್ಮಿ ಇಲ್ಲ, ಶ್ರೀಮಂತರ ಮನೆಯಲ್ಲಿ ಜಾಸ್ತಿ ಇಲ್ಲ.

ಈ ಮೂರೂವರೆ ಅಂಗೈಯಲ್ಲಿ ಬೆಳೆದವಳೇ ಗಾನವಿ. ಕೊಬ್ಬರಿ ವ್ಯಾಪಾರದ ಬೆಟ್ಟಸ್ವಾಮಿಯ ಒಬ್ಬಳೇ ಮಗಳು. ಬಿ.ಎಡ್ ಮಾಡಿ, ತುರುವೇಕೆರೆ ತಾಲ್ಲೂಕಿನ ಸಂಪಿಗೆಗೆ ಮದುವೆಯಾಗಿ, ಈಗ ಮೂರು ತಿಂಗಳ ಹೆಣ್ಣು ಕೂಸಿನೊಂದಿಗೆ ಬಾಣಂತನಕ್ಕೆ ತವರಿನಲ್ಲಿದ್ದಾಳೆ. ಕೂಸಿಗೆ ನಿಸರ್ಗ ಅಂತ ಹೆಸರಿಟ್ಟಿದ್ದಾರೆ. "ಹೆಸರು ಕೂಗೋಕಾಗದೆ ನಾಲಿಗೆ ಉಳುಕ್ತದೆ" ಎಂದು ಅಂಕಮ್ಮ ಅದನ್ನು 'ಚಿನ್ನಿ' ಅಂತಲೇ ಕರೆಯುತ್ತಾಳೆ.

ಚಿನ್ನಿಗೆ ಮೊದಮೊದಲು ಅಂಗಡಿಯಲ್ಲಿ ಸಿಗುವ, ಒಮ್ಮೆ ತೊಟ್ಟು ಬಿಸಾಕುವ ಡೈಪರುಗಳನ್ನೇ ಹಾಕುತ್ತಿದ್ದರು. ಒಂದೂವರೆ ತಿಂಗಳಿಗೆ ಕುಂಡೆಯ ಸುತ್ತ ಕೆಂಪಗೆ ಗುಳ್ಳೆಯೆದ್ದಿತು. ತಿಪಟೂರಿನ ಡಾಕ್ಟರು, ಗಾಳಿಯಾಡಲಿ, ಬಟ್ಟೆಯದ್ದು ಹಾಕಿ, ಒದ್ದೆಯಾದ ಕೂಡಲೇ ಬದಲಾಯಿಸಿ ಅಂದರು. ಇಷ್ಟು ಹೇಳಲು ಡಾಕ್ಟರು ಬೇಕಾಯಿತೇ ಎಂದು ಅಂಕಮ್ಮನಿಗೆ ನಗು. ಹರಿದ ಪಂಚೆ ಮನೆಯಲ್ಲಿಲ್ಲವೇ?

ಆದರೆ ಗಾನವಿ ಹರಿದ ಪಂಚೆಗೆ ಒಪ್ಪುವ ಹುಡುಗಿಯಲ್ಲ. ಹದಿನೈದು ದಿನ ಫೋನು ತಿಕ್ಕಿದಳು. ಚೌಕದ ಬಟ್ಟೆ ಮಡಿಸಿ ಕಟ್ಟುವುದು ಒಂದು ಜಾತಿ. ಹೊರಗೆ ನೀರಿಳಿಯದ ಚಡ್ಡಿ, ಒಳಗೆ ಬೇರೆಯಾಗಿ ತುರುಕುವ ಪ್ಯಾಡು, ಇದು ಇನ್ನೊಂದು. ಚಡ್ಡಿ ಪ್ಯಾಡು ಒಟ್ಟಿಗೇ ಹೊಲಿದದ್ದು ಮತ್ತೊಂದು. ಅದರ ಮೇಲೆ, ಬಟನ್ನೋ ಅಂಟುಪಟ್ಟಿಯೋ, ಬಟ್ಟೆ ಹತ್ತಿಯದೋ ಬಿದಿರಿನದೋ! ದೇಶ ನಡೆಸುವವರು ಇಷ್ಟು ಯೋಚನೆ ಮಾಡಿದ್ದರೆ ಊರಿನ ರಸ್ತೆ ಹೀಗಿರುತ್ತಿರಲಿಲ್ಲ. ಕೊನೆಗೆ ಕ್ಯಾಲೆಂಡರಿನ ಹಿಂದೆ ಬರೆದು ಅಪ್ಪನಿಗೆ ಕೊಟ್ಟಳು.

"ಮೂರು ಜಾತೀಲೂ ಒಂದೊಂದು ತನ್ನಿ ಅಪ್ಪಾಜಿ. ಒಂದು ವಾರ ಹಾಕಿ ನೋಡ್ತೀನಿ. ಇವಳ ತೊಡೆಗೆ ಯಾವುದು ಸರಿಹೋಗ್ತದೋ ಅದನ್ನೇ ಆಮೇಲೆ ತರೋಣ."

ಬಚ್ಚಲಿನಲ್ಲಿ ಚಿನ್ನಿಯ ಕಾಲು ನೀವುತ್ತಿದ್ದ ಅಂಕಮ್ಮನಿಗೆ ಈ ಮಾತು ಕೇಳಿಸಿತು. ಹುಡುಗಿಯ ಬುದ್ಧಿ ಸರಿಯಾಗೇ ಇದೆ ಅನ್ನಿಸಿತು. ಹಾಗಂತ ಬಾಯಿಬಿಟ್ಟು ಹೇಳಲಿಲ್ಲ. "ತಿಕಕ್ಕೆ ಕಟ್ಟೋ ಬಟ್ಟೆಗೂ ಪರೀಕ್ಷೆ!" ಎಂದಳು.

ಬೆಟ್ಟಸ್ವಾಮಿ ತಿಪಟೂರಿಗೆ ಹೋಗಿ ಸಂಜೆಯ ಬಸ್ಸಿಗೆ ಬಂದ. ಕೈಯಲ್ಲಿ ಒಂದು ಗೋಣಿಚೀಲ. ಅದನ್ನು ನಡುಮನೆಯಲ್ಲಿ ಸುರಿದಾಗ ಎರಡು ಡಜನ್ ಚಡ್ಡಿ, ಎರಡು ಡಜನ್ ಪ್ಯಾಡು ಬಿದ್ದವು. ಎಲ್ಲಾ ಒಂದೇ ಜಾತಿ. ಒಂದೊಂದು ಪ್ಯಾಡೂ ಒಬ್ಬಟ್ಟು ನಾಲ್ಕು ಪೇರಿಸಿದಷ್ಟು ದಪ್ಪ.

"ಒಂದೊಂದು ಅಂದಿದ್ನಲ್ಲ ಅಪ್ಪಾಜಿ!"

"ಒಂದೊಂದು ಕೇಳೋಕೆ ನನಗೇನು ಗತಿಯಿಲ್ವಾ? ಕೊಬ್ಬರಿ ಆರಿಸಿ ಆರಿಸಿ ಸವೆದಿರೋ ಕೈ ಕಣವ್ವ ಇದು. ಅಂಗಡೀಲಿ ಇದ್ದಬದ್ದದ್ದನ್ನೆಲ್ಲ ತೆಗೆಸಿ ಹಿಡಿದು ನೋಡ್ದೆ. ಆ ತೆಳ್ಳನೆ ಚೌಕ ಐತಲ್ಲ, ಅದು ಬರೀ ಪೊಳ್ಳು. ಇದು ನೋಡು, ತೂಕ ನೋಡು! ಕಿವಿ ಹತ್ರ ಅಲ್ಲಾಡಿಸೂ ನೋಡ್ದೆ."

"ಅಲ್ಲಾಡಿಸಿದ್ರಾ? ಯಾಕೆ?"

"ಅಭ್ಯಾಸ" ಎಂದ ಬೆಟ್ಟಸ್ವಾಮಿ, ಸ್ವಲ್ಪ ಸಣ್ಣ ದನಿಯಲ್ಲಿ.

ಅಟ್ಟದ ಮೇಲಿನ ಕಾಯಿ ವರ್ಷವಿಡೀ ಒಣಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅಂದರೆ ಅದು ಪಕ್ವ. ಚಡ್ಡಿ ಯಾವ ಸದ್ದು ಮಾಡಬೇಕಿತ್ತೋ ಅದನ್ನು ಶಿವನೇ ಬಲ್ಲ. ಬೆಟ್ಟಸ್ವಾಮಿಯ ಹೆಂಡತಿ ಶಿವರುದ್ರಮ್ಮ ಹಣೆ ಚಚ್ಚಿಕೊಂಡಳು. ಅವಳ ದುಃಖ ದುಡ್ಡಿನದಲ್ಲ; ಬೀರುವಿನಲ್ಲಿ ಕೂಸಿಗೆಂದೇ ಅವಳು ಮಡಿಸಿಟ್ಟಿದ್ದ ಹಳೆಯ ಪಂಚೆ ಸೀರೆಗಳದು. "ನಾನು ಇಬ್ರು ಗಂಡು, ಒಂದು ಹೆಣ್ಣು ಸಾಕ್ದೋಳು. ನನ್ನ ಕೇಳೋರೇ ಇಲ್ಲ ಈ ಮನೇಲಿ. ಅಂಕಮ್ಮ, ನೀನೇ ಹೇಳು, ಇದೇನು ಕೂಸಿಗೆ ಹಾಕೋದಾ, ಎತ್ತಿಗೆ ಹಾಕೋದಾ?"

"ಕುದುರೆಗೆ" ಎಂದಳು ಅಂಕಮ್ಮ. "ಜೀನು. ಹತ್ತಿ ಕೂತ್ರೆ ಸಂಪಿಗೆಗೆ ಹೋಗಿಬರಬೋದು."

ಗಾನವಿ ಅಳಲಿಲ್ಲ. ಹೊಸ ಬಟ್ಟೆ ನೀರು ಕುಡಿಯಬೇಕಾದರೆ ಮೊದಲು ನಾಲ್ಕು ಸಲ ಒಗೆಯಬೇಕು ಎಂದು ಓದಿದ್ದಳು. ನಾಲ್ಕು ಸಲ ಒಗೆದಳು, ಒಂದು ಹೆಚ್ಚಿಲ್ಲ, ಕಡಿಮೆಯಿಲ್ಲ. ಅದನ್ನು ಅಂಕಮ್ಮ ಗಮನಿಸಿದಳು. ಆಷಾಢದ ಗಾಳಿ, ಮೋಡ, ತುಂತುರು. ಆ ದಪ್ಪದ್ದು ಒಣಗಲು ಎರಡು ಹಗಲು ಬೇಕಾಯಿತು. ಬೆಟ್ಟಸ್ವಾಮಿ, "ಅಟ್ಟದ ಮೇಲೆ ಹರವಿ, ಕೊಬ್ಬರಿಯೇ ಒಣಗ್ತದೆ, ಇದು ಯಾವ ಲೆಕ್ಕ" ಅಂದ. ಹರವಿದರು. ಕೊಬ್ಬರಿ ಒಣಗಿಸಲು ಅಟ್ಟ ಹನ್ನೊಂದು ತಿಂಗಳು ತೆಗೆದುಕೊಳ್ಳುತ್ತದೆ ಎಂಬುದು ವ್ಯಾಪಾರಿಗೆ ನೆನಪಾಗಲಿಲ್ಲ.

ಆದರೂ ಮೊದಲ ವಾರ ಪ್ಯಾಡು ಚೆನ್ನಾಗಿಯೇ ಕೆಲಸ ಮಾಡಿತು. ಚಿನ್ನಿ ಮೂರು ಸಲ ಉಚ್ಚೆ ಹೊಯ್ದರೂ ಮೇಲೆ ಒಣಗಿಯೇ ಇತ್ತು. ಗುಳ್ಳೆ ಬಾಡಿದವು. ಬೆಟ್ಟಸ್ವಾಮಿ ಜಗಲಿಯಲ್ಲಿ ಕೂತು ಹೋಗಿಬರುವವರಿಗೆಲ್ಲ ಪ್ಯಾಡು ಹಿಸುಕಿ ತೋರಿಸಿದ.

ಎರಡನೆಯ ವಾರ ಸೋರಿತು. ಮೊದಲು ತೊಡೆಯ ಹತ್ತಿರ, ಆಮೇಲೆ ಬೆನ್ನಿಗೆ. ಒಳಗಿನ ಪ್ಯಾಡು ತೆಗೆದು ನೋಡಿದರೆ ಮಧ್ಯದಲ್ಲಿ ಒಣಗಿಯೇ ಇದೆ. ಹೊಯ್ದದ್ದೆಲ್ಲ ಅದರ ಮೇಲೇ ಜಾರಿ ಹೊರಗೆ. ಕೂಸನ್ನು ಎತ್ತಿಕೊಂಡವರ ಸೀರೆಯೆಲ್ಲ ಒದ್ದೆ. ಇಪ್ಪತ್ತು ದಿನವಾಗುವಷ್ಟರಲ್ಲಿ ಗುಳ್ಳೆ ಮತ್ತೆ ಎದ್ದವು, ಮೊದಲಿಗಿಂತ ಕೆಂಪಗೆ. ಚಿನ್ನಿ ಕಾಲು ಮಡಿಸಲು ಬಿಡದೆ ಕಿರುಚತೊಡಗಿತು.

ಬೀದಿಗೆ ಹಬ್ಬವಾಯಿತು. ಎದುರುಮನೆಯ ಮಂಗಳಾ ದಿನಕ್ಕೆ ಎರಡು ಸಲ ಸಕ್ಕರೆ ಕೇಳಲು ಬಂದಳು. ಅವಳ ಮನೆಯಲ್ಲಿ ಸಕ್ಕರೆ ಕಾಯಿಲೆ ಇಲ್ಲದವರೇ ಇಲ್ಲ, ಸಕ್ಕರೆ ಯಾತಕ್ಕೋ. "ಅಯ್ಯೋ, ಇವತ್ತೂ ಸೋರ್ತಾ ಗಾನವಿ? ನಮ್ ಯಜಮಾನ್ರು ಹೇಳ್ತಿದ್ರು, ಹೊಸ ಟ್ಯಾಂಕು ಕಟ್ಸಿದ್ರೂ ಇಷ್ಟು ಖರ್ಚಾಗ್ತಿರ್ಲಿಲ್ಲ ಅಂತ" ಎಂದು ಹೇಳಿ, ಸಕ್ಕರೆಯ ಲೋಟ ಮರೆತು ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಅಂಕಮ್ಮ ನೀರು ಹಾಕಿ ಮುಗಿಸಿ, ಕೊನೆಯ ಅರ್ಧ ಅಂಗೈ ಎಣ್ಣೆ ತೆಗೆದುಕೊಳ್ಳುವಾಗ ಗಾನವಿ ಬಚ್ಚಲ ಬಾಗಿಲಿಗೆ ಬಂದು ನಿಂತಳು.

"ಅಂಕಮ್ಮಜ್ಜಿ, ಬೇಜಾರು ಮಾಡ್ಕೋಬೇಡಿ. ಎಣ್ಣೆ ಜಿಡ್ಡು ಬಟ್ಟೆಗೆ ಹತ್ತಿದ್ರೆ ಬಟ್ಟೆ ನೀರು ಕುಡಿಯಲ್ವಂತೆ. ಇವತ್ತೊಂದಿನ ಕೆಳಗಡೆ ಹಚ್ಚೋದು ಬೇಡ್ವಾ..."

ಅಂಕಮ್ಮನ ಅಂಗೈ ಗಾಳಿಯಲ್ಲೇ ನಿಂತಿತು. ಅವಳ ಎಣ್ಣೆಯನ್ನು ಬೇಡ ಅಂದವರು ಇವತ್ತಿನವರೆಗೆ ಒಬ್ಬರೂ ಇರಲಿಲ್ಲ. ಇನ್ನೂ ಹಾಕು ಅಂದವರಿದ್ದರು.

"ಯಾರು ಹೇಳಿದ್ದು? ಫೋನಾ?"

"ಅದ್ರಲ್ಲಿ ಬರ್ದಿದ್ರು ಅಜ್ಜಿ."

"ಬರ್ದೋನ ಕೂಸಿಗೆ ನೀರು ಹಾಕಿದ್ದು ಯಾರಂತೆ? ಅದೂ ಬರ್ದವ್ನಾ?" ಅಂಕಮ್ಮ ಎಣ್ಣೆಯನ್ನು ತೊಡೆಸಂದಿಗೆ ತಿಕ್ಕಿಯೇ ತಿಕ್ಕಿದಳು. "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ನಿಮ್ಮಪ್ಪ ತಂದ ಜೀನು ಸೋರಿದ್ರೆ ನನ್ನೆಣ್ಣೆ ತಪ್ಪಾ? ನಿನ್ನೂ ಇದೇ ಕಾಲ ಮೇಲೆ ಮಲಗಿಸಿ ಇದೇ ಎಣ್ಣೆ ಹಚ್ಚಿದೀನಿ. ಸೋರಿ ಹೋದ್ಯಾ ನೀನು?"

ಶಿವರುದ್ರಮ್ಮನಿಗೆ ಇದು ಬೇಕಾಗಿತ್ತು. ಒಳಗಿಂದ ಓಡಿಬಂದು, "ಸರಿಯಾಗಿ ಹೇಳ್ದೆ ಅಂಕಮ್ಮ! ನಾಳೆ ಬೆಳಿಗ್ಗೆ ಎಲ್ಲಾನೂ ನೀರೊಲೆಗೆ ಹಾಕಿ, ಅದೇ ಉರೀಲಿ ನೀರು ಕಾಯಿಸ್ತೀನಿ. ಹಳೇ ಬಟ್ಟೆ ಕಟ್ಟೋಣ. ರಾತ್ರಿಗೆ, ಊರಿಗೆ ಹೋಗೋಕೆ ಅಂಗಡಿದು ಇದ್ದೇ ಐತೆ" ಅಂದಳು. ಸಕ್ಕರೆಗೆ ಬಂದಿದ್ದ ಮಂಗಳಾ, "ಫೋನಿಗಿಂತ ಅಂಕಮ್ಮ ದೊಡ್ಡೋಳು ಬಿಡಿ" ಎಂದಳು. ಆ ಹೊಗಳಿಕೆಯಲ್ಲಿ ಉಪ್ಪಿತ್ತೋ ಸಕ್ಕರೆಯಿತ್ತೋ.

ಗಾನವಿ ಕೂಸಿನ ಕೆಂಪು ತೊಡೆಯನ್ನೇ ನೋಡುತ್ತ ನಿಂತಳು. ಅವಳ ಕಣ್ಣು ತುಂಬಿದ್ದು ಅಂಕಮ್ಮನಿಗೆ ಕಂಡಿತು. ಆಗ ಅಂಕಮ್ಮನಿಗೆ ಬೇಡದ ನೆನಪೊಂದು ಬಂತು: ಮೊದಲ ವಾರ ಸೋರಿರಲಿಲ್ಲ. ಬಟ್ಟೆಯೇ ಕೆಟ್ಟದ್ದಾಗಿದ್ದರೆ ಮೊದಲ ದಿನವೇ ಸೋರಬೇಕಿತ್ತಲ್ಲ.

"ಇದ್ರಲ್ಲಿ ನಾಲ್ಕು ಪ್ಯಾಡು ಕೊಡು. ಹಾಕಿದ್ದು ಎರಡು, ಇನ್ನೂ ಕೂಸಿಗೆ ಹಾಕದೇ ಇರೋದು ಎರಡು" ಎಂದಳು, ಯಾಕೆ ಅಂತ ಹೇಳದೆ. ಶಿವರುದ್ರಮ್ಮ, ಬಿಸಿ ಪಾತ್ರೆ ಇಳಿಸುವ ಕರಿಬಟ್ಟೆಗೆ ಅಂದುಕೊಂಡು ಕೊಟ್ಟಳು.

ದಾರಿಯುದ್ದಕ್ಕೂ ಅಂಕಮ್ಮನಿಗೆ ಒಂದೇ ಯೋಚನೆ. ಎಣ್ಣೆ ತಪ್ಪು ಅಂತ ಒಂದು ಬಚ್ಚಲಲ್ಲಿ ಮಾತು ಹುಟ್ಟಿದರೆ ಸಂಜೆಯೊಳಗೆ ಅದು ಊರ ಬಾಗಿಲಲ್ಲಿರುತ್ತದೆ. ಮುಂದಿನ ತಿಂಗಳು ಹನುಮಂತಮ್ಮನ ಸೊಸೆ ಅನುಪಮಾಗೆ ಹೆರಿಗೆ. ಅವಳಿಗೆ, ಅವಳ ಕೂಸಿಗೆ ನೀರು ಹಾಕಲು ಅಂಕಮ್ಮನಿಗೇ ಹೇಳಿಟ್ಟಿದ್ದಾರೆ. ಈ ಕೆಲಸ ಬಿಟ್ಟರೆ ಅವಳಿಗೆ ಬೇರೆ ಕೆಲಸ ಬರುವುದಿಲ್ಲ. ಮೊಣಕಾಲು ತೋಟದ ಕೂಲಿಗೆ ಬಗ್ಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಈ ಕೆಲಸ ಬಿಟ್ಟರೆ ಹೊನ್ನವಳ್ಳಿಯಲ್ಲಿ ಅವಳು ಯಾರು? ಕಾಯಿ ಸುಲಿಯುವವನ ಹೆಂಡತಿ, ಅದೂ ಅವನಿಲ್ಲದೆ.

ಮಧ್ಯಾಹ್ನ ಉಂಡು, ಬಾಗಿಲ ಮುಂದಿನ ಕಲ್ಲಿನ ಮೇಲೆ ನಾಲ್ಕನ್ನೂ ಸಾಲಾಗಿ ಹಾಸಿದಳು. ಹಾಕದ ಪ್ಯಾಡಿನ ಮೇಲೆ ಒಂದು ಚಮಚ ನೀರು ಬಿಟ್ಟಳು. ಬಾಯಲ್ಲಿ ಎಣಿಸಿದಳು. ಮೂರು ಎಣಿಸುವಷ್ಟರಲ್ಲಿ ನೀರು ಮಾಯ. ಹಾಕಿದ ಪ್ಯಾಡಿನ ಮೇಲೆ ಇನ್ನೊಂದು ಚಮಚ. ಮೂರಾಯಿತು, ಹತ್ತಾಯಿತು. ನೀರು ಕೆಸುವಿನ ಎಲೆಯ ಮೇಲೆ ಕೂತಂತೆ ಗುಂಡಗೆ ಕೂತಿತ್ತು. ಐವತ್ತಾದರೂ ಕೂತೇ ಇತ್ತು. ಪ್ಯಾಡನ್ನು ಕೊಂಚ ವಾರೆ ಮಾಡಿದಾಗ ಉರುಳಿ ಕೆಳಗೆ ಬಿತ್ತು.

ಇದು ಕೊಳೆಯಿಂದಲೂ ಇರಬಹುದು, ಅಟ್ಟದ ಹೊಗೆಯಿಂದಲೂ ಇರಬಹುದು. ಅಂಕಮ್ಮ ಅಷ್ಟಕ್ಕೇ ಸೋಲುವವಳಲ್ಲ. ಹಾಕದೇ ಇದ್ದ ಎರಡನೆಯ ಪ್ಯಾಡಿನ ಅರ್ಧಕ್ಕೆ ಮಾತ್ರ ಎಣ್ಣೆ ಕೈ ಸವರಿದಳು, ಕೂಸಿನ ತೊಡೆಯಿಂದ ಎಷ್ಟು ಹತ್ತಬಹುದೋ ಅಷ್ಟೇ. ಶಿವರುದ್ರಮ್ಮ ಒಗೆಯುವ ಹಾಗೆಯೇ ತಣ್ಣೀರಿನಲ್ಲಿ, ಚಿಟಿಕೆ ಸೋಪಿನ ಪುಡಿಯಲ್ಲಿ ಕುಕ್ಕಿ ಹಿಂಡಿದಳು. ಬೋರ್‌ವೆಲ್ಲಿನ ನೀರಿಗೆ ನೊರೆಯೂ ಬರಲಿಲ್ಲ. ಬಿಸಿ ಹಂಚಿನ ಪಕ್ಕ ಒಣಗಿಸಿ ಮತ್ತೆ ಚಮಚ ಹಿಡಿದಳು. ಎಣ್ಣೆ ಮುಟ್ಟದ ಅರ್ಧ ಕುಡಿಯಿತು. ಮುಟ್ಟಿದ ಅರ್ಧದಲ್ಲಿ ಹನಿ ಕೂತಿತು.

ಇನ್ನೊಂದು ಬಾಕಿಯಿತ್ತು. ಕೂಸಿಗೆ ಹಾಕಿ ಕೆಟ್ಟಿದ್ದ ಪ್ಯಾಡನ್ನು ಕುದಿಯುವ ನೀರಿಗೆ ಹಾಕಿ, ಸೀಗೆಪುಡಿ ಕದಡಿ, ಎರಡು ಸಲ ಬೇಯಿಸಿ, ತೊಳೆದು, ಅದೇ ಹಂಚಿನ ಪಕ್ಕ ಒಣಗಿಸಿದಳು. ಅಷ್ಟರಲ್ಲಿ ಬೆಳಕು ಮರೆಯಾಗುತ್ತಿತ್ತು. ಚಮಚ ಬಿಟ್ಟಳು. ನಾಲ್ಕು ಎಣಿಸುವಷ್ಟರಲ್ಲಿ ಕುಡಿಯಿತು.

ಅಂಕಮ್ಮ ಚಮಚವನ್ನು ಕೆಳಗಿಟ್ಟಳು. ಹಾಳಾದ್ದು, ಫೋನು ಬರೆದದ್ದು ನಿಜ.

ಹಾಗಿದ್ದರೆ ಇಷ್ಟು ವರ್ಷ ಯಾಕೆ ಗೊತ್ತಾಗಲಿಲ್ಲ? ಅದಕ್ಕೂ ಉತ್ತರ ಅವಳಿಗೇ ಹೊಳೆಯಿತು. ಹಳೆಯ ಪಂಚೆ ಉಚ್ಚೆ ಹಿಡಿಯುತ್ತದೆ ಅಂತ ಯಾವ ತಾಯಿ ನಂಬಿದ್ದಳು? ಹೊಯ್ದ ಕೂಡಲೇ ತೊಪ್ಪೆಯಾಗುತ್ತಿತ್ತು, ಕೂಡಲೇ ಕಿತ್ತು ಬೇರೆ ಕಟ್ಟುತ್ತಿದ್ದರು. ಸೋರುವುದೇ ಅದರ ಗುಣವಾದ ಮೇಲೆ ತಪ್ಪು ಯಾರು ಹುಡುಕುತ್ತಾರೆ? ಆಗಲೂ ಕೆಲವು ಕೂಸುಗಳ ತೊಡೆಸಂದಿ ಕೆಂಪಾಗುತ್ತಿತ್ತು. ಆಗ ಅತ್ತೆ ಹೇಳಿಕೊಟ್ಟ ಹಾಗೆ ಅಂಕಮ್ಮ ಬಾಣಂತಿಯನ್ನು ಹಿಡಿದು ಬೈಯುತ್ತಿದ್ದಳು: ಬದನೆಕಾಯಿ ತಿಂದಿದೀಯ, ಮಾವಿನಹಣ್ಣು ನೆಕ್ಕಿದೀಯ, ನಿಜ ಹೇಳು! ತಿನ್ನದವರೂ ಹೆದರಿ ತಿಂದೆ ಅನ್ನುತ್ತಿದ್ದರು. ಎಲ್ಲಾ ಗುಳ್ಳೆಯೂ ಎಣ್ಣೆಯದೇ ಅಂತ ಹೇಳಲಾಗದು. ಆದರೆ ಎಷ್ಟು ಅಂತಲೂ ಹೇಳಲಾಗದು. ಆ ಲೆಕ್ಕ ಇನ್ನು ಯಾರಿಗೂ ಸಿಗುವುದಿಲ್ಲ, ಅದೇ ಅವಳಿಗೆ ಚುಚ್ಚಿತು.

ಸುಮ್ಮನಿದ್ದರೆ ಮುಗಿಯಿತು. ನಾಳೆ ನೀರೊಲೆಯಲ್ಲಿ ಎಲ್ಲ ಬೂದಿ. ತಪ್ಪು ಬೆಟ್ಟಸ್ವಾಮಿಯ ದಪ್ಪ ಪ್ಯಾಡಿಗೆ, ಗಾನವಿಯ ಫೋನಿಗೆ. ಅಂಕಮ್ಮನ ಹೆಸರಿಗೆ ಒಂದು ಹನಿಯೂ ಹತ್ತುವುದಿಲ್ಲ. ಕಿರುಚುವುದು ಚಿನ್ನಿ ಮಾತ್ರ, ಅದಕ್ಕೆ ಚಾಡಿ ಹೇಳಲು ಬರುವುದಿಲ್ಲ.

ಬೆಳಿಗ್ಗೆ ಅವಳು ಹೋಗುವಷ್ಟರಲ್ಲಿ ಶಿವರುದ್ರಮ್ಮ ಪ್ಯಾಡುಗಳನ್ನೆಲ್ಲ ನೀರೊಲೆಯ ಮುಂದೆ ಗುಡ್ಡೆ ಹಾಕಿದ್ದಳು. ಒಲೆಯಲ್ಲಿ ಮಟ್ಟೆ ಹೊಗೆಯಾಡುತ್ತಿತ್ತು. ಮಂಗಳಾ ಈ ಸಲ ಸಕ್ಕರೆಯ ನೆಪವನ್ನೂ ತರದೆ ಬಂದು ಕಟ್ಟೆಯ ಮೇಲೆ ಕೂತಿದ್ದಳು. ಬೆಟ್ಟಸ್ವಾಮಿ, ತನಗೂ ಇದಕ್ಕೂ ಸಂಬಂಧವಿಲ್ಲ ಅನ್ನುವ ಹಾಗೆ ಪೇಪರು ಓದುತ್ತಿದ್ದ. ಗಾನವಿ ಕೂಸನ್ನು ಎದೆಗೊತ್ತಿಕೊಂಡು ಗೋಡೆಗೆ ಒರಗಿದ್ದಳು.

"ಬಾ ಅಂಕಮ್ಮ, ನಿನ್ ಕೈಯಾರೆ ಹಾಕು" ಎಂದಳು ಶಿವರುದ್ರಮ್ಮ.

"ಹಾಕ್ತೀನಿ. ಮೊದ್ಲು ಒಂದು ಚೊಂಬು ನೀರು ಕೊಡಿ."

ಅಂಕಮ್ಮ ಕಟ್ಟೆಯ ಮೇಲೆ ತನ್ನ ನಾಲ್ಕು ಪ್ಯಾಡು ಹಾಸಿದಳು. ಯಾವುದು ಏನು ಅಂತ ಒಂದೊಂದನ್ನೂ ಮುಟ್ಟಿ ಹೇಳಿದಳು. ನೀರು ಬಿಟ್ಟಳು. ಎಣ್ಣೆ ಮುಟ್ಟದ್ದು ಕುಡಿಯಿತು, ಮುಟ್ಟಿದ್ದು ಕುಡಿಯಲಿಲ್ಲ, ಬೇಯಿಸಿದ್ದು ಮತ್ತೆ ಕುಡಿಯಿತು. ಮಂಗಳಾ ಬಗ್ಗಿ ನೋಡಲು ಬಂದು ಅಂಕಮ್ಮನ ತಲೆಗೆ ತಲೆ ತಾಗಿಸಿದಳು.

"ಈ ಹುಡುಗಿ ಹೇಳಿದ್ದೇ ಸರಿ" ಎಂದಳು ಅಂಕಮ್ಮ. "ನನ್ನೆಣ್ಣೆದೇ ತಪ್ಪು. ಮೂರು ಅಂಗೈ ಅಲ್ಲ, ಅದು ಕಡ್ಲೆಹಿಟ್ಟಲ್ಲಿ ಹೋಗ್ತದೆ. ಕೊನೇ ಅರ್ಧ ಅಂಗೈದು. ಅದರ ಮೇಲೆ ಅಮ್ಮಾರು ತಣ್ಣೀರಲ್ಲಿ ಒಗೆದಿದ್ದು."

"ನನ್ನ ಯಾಕೆ ಎಳೀತೀಯ?" ಶಿವರುದ್ರಮ್ಮನ ದನಿ ಏರಿತು. "ನಿನ್ ಪರ ಮಾತಾಡಿದ್ದಕ್ಕೆ ಇದಾ? ತಿರುಗಿಬಿಟ್ಯಲ್ಲ!"

"ನೀವು ನನ್ ಪರ ಎಲ್ಲಿ ಮಾತಾಡಿದ್ರಿ ಅಮ್ಮಾರೇ, ನಿಮ್ ಹಳೇ ಪಂಚೆ ಪರ ಮಾತಾಡಿದ್ರಿ. ಅದೂ ಸೋರ್ತಿತ್ತು, ನಾವು ನೋಡ್ಲಿಲ್ಲ ಅಷ್ಟೇ. ಎಣ್ಣೆ ಕೈಲೇ ಬಟ್ಟೆ ಮಡಿಸ್ತೀರಿ ನೀವು, ನಾನು ಕಂಡಿದೀನಿ."

ಬೆಟ್ಟಸ್ವಾಮಿ ಪೇಪರು ಕೆಳಗಿಳಿಸಿದ. "ಹಂಗಾದ್ರೆ ನಾನು ಆರಿಸಿದ್ದು ಸರಿಯಾಗೇ ಇತ್ತು ಅನ್ನಿ. ನಾನು ಮೊದ್ಲೇ ಹೇಳ್ಲಿಲ್ವಾ..."

"ಯಜಮಾನ್ರೇ, ನೀವು ಆರಿಸಿದ್ದು ಒಣಗೋದ್ರೊಳಗೆ ಕೂಸು ಸ್ಕೂಲಿಗೆ ಸೇರ್ತದೆ. ಮಗಳು ಒಂದೊಂದು ತನ್ನಿ ಅಂದಿದ್ಲು. ಅವಳು ಹೇಳಿದ್ದು ಎರಡು ಮಾತು, ಎರಡೂ ಸರಿ. ನಾವು ಮೂರು ಜನ ಹಿರೇರು ಹೇಳಿದ್ದು ಇಪ್ಪತ್ತು ಮಾತು. ಬುಡಿ, ಪೇಪರ್ ಓದಿ."

ಬೆಟ್ಟಸ್ವಾಮಿ ಓದಿದ. ಪೇಪರು ತಲೆಕೆಳಗಾಗಿತ್ತೋ ಏನೋ, ಯಾರೂ ನೋಡಲು ಹೋಗಲಿಲ್ಲ.

ಅದೇ ನೀರೊಲೆಯ ಮೇಲೆ ಅವತ್ತು ಪ್ಯಾಡುಗಳು ಬೆಂದವು. ಚಡ್ಡಿಗಳನ್ನು ಬೇಯಿಸಬಾರದು, ನೀರಿಳಿಯದ ಬಟ್ಟೆ ಹಾಳಾಗುತ್ತದೆ ಎಂದು ಗಾನವಿ ಹೇಳಿದಳು. ಅಂಕಮ್ಮ ಯಾಕೆ ಅಂತ ಕೇಳಿ ತಿಳಿದುಕೊಂಡು, ಅವನ್ನು ಬೇರೆ ಇಟ್ಟು ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದಳು. ಮಾರನೆಯ ದಿನದಿಂದ ಸೊಂಟದ ಕೆಳಗೆ ಕೊನೆಯ ಎಣ್ಣೆ ನಿಂತಿತು. ಪ್ಯಾಡು ಒಣಗುವ ತನಕ ಬದಲಿಗಿರಲಿ ಎಂದು ಗಾನವಿ ತೆಳ್ಳನೆಯ ಚೌಕದ ಬಟ್ಟೆ ಆರು ತರಿಸಿಕೊಂಡಳು, ಬಸ್ ಕಂಡಕ್ಟರಿಗೆ ಹೇಳಿ; ಅಪ್ಪನಿಗೆ ಹೇಳಲಿಲ್ಲ. ಒಂಬತ್ತು ದಿನಕ್ಕೆ ಚಿನ್ನಿಯ ಗುಳ್ಳೆ ಪೂರ್ತಿ ಬಾಡಿದವು.

ಊರಿನ ಬಾಯಿ ಒಂಬತ್ತು ದಿನ ಕಾಯಲಿಲ್ಲ. ಮೂರನೆಯ ದಿನವೇ ಹನುಮಂತಮ್ಮ ನಲ್ಲಿಯ ಹತ್ತಿರ ಅಂಕಮ್ಮನನ್ನು ನಿಲ್ಲಿಸಿದಳು. ಬಿಂದಿಗೆಯ ಕುತ್ತಿಗೆಯನ್ನು ಸುಮ್ಮನೆ ಒರೆಸುತ್ತ, "ಅಂಕಮ್ಮ, ನಮ್ ಅನುಪಮಾಗೆ ತಿಪಟೂರಿಂದ ನರ್ಸಮ್ಮನ್ನ ಕರೆಸ್ತಾರಂತೆ ಕಣೇ. ನಮ್ ಹುಡುಗ ಒಪ್ತಿಲ್ಲ. ಅದೇನೋ, ನಿನ್ನೆಣ್ಣೇಲಿ ಶಿವರುದ್ರಮ್ಮನ ಮೊಮ್ಮಗು ಚರ್ಮ ಸುಟ್ಟೋಯ್ತಂತಲ್ಲ..." ಎಂದಳು.

"ಯಾರು ಹೇಳಿದ್ದು ಅಂತ ಕೇಳಲ್ಲ, ಕಟ್ಟೆ ಮೇಲೆ ಕೂತಿದ್ದೋಳು ಒಬ್ಳೇ" ಎಂದಳು ಅಂಕಮ್ಮ. "ಸುಡ್ಲಿಲ್ಲ. ಕೆಂಪಾಯ್ತು. ಅದೂ ಎಣ್ಣೆಯಿಂದ ಅಲ್ಲ, ಎಣ್ಣೆ ಹತ್ತಿದ ಬಟ್ಟೆ ಒದ್ದೆ ಹಿಡೀದೆ. ಇದು ಇರೋ ಸಂಗತಿ. ಇದಕ್ಕಿಂತ ಜಾಸ್ತಿ ಯಾರಾದ್ರೂ ಹೇಳಿದ್ರೆ ಅದು ಅವರ ಮನೇದು."

"ನೀನು ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅಂತಾರೆ ಎಲ್ಲ."

"ಹೌದು, ಗೊತ್ತಾಗ್ತಿರ್ಲಿಲ್ಲ."

ಹನುಮಂತಮ್ಮ ಮುಂದೇನಾದರೂ ಬೇಡಿಕೆ ಬರಬಹುದೆಂದು ಕಾದಳು. ಬರಲಿಲ್ಲ. ಅಂಕಮ್ಮ ಸಿಂಬಿ ಸರಿಮಾಡಿಕೊಂಡು ಬಿಂದಿಗೆ ಎತ್ತಿದಳು. "ಬರೋ ನರ್ಸಮ್ಮನಿಗೆ ಹೇಳು, ತೊಡೆಸಂದಿಗೆ ಎಣ್ಣೆ ಬೇಡ ಅಂತ. ಓದಿರೋರು, ಕೇಳಿದ್ರೆ ಕೇಳ್ಲಿ."

ಅನುಪಮಾಳ ಮನೆ ಹೋಯಿತು. ಮುಂದಿನ ಸುಗ್ಗಿಯೊಳಗೆ ಇನ್ನೊಂದು ಮನೆಯೂ ಹೋಗಬಹುದು. ಅಂಕಮ್ಮ ಅದನ್ನು ಬಿಂದಿಗೆಯ ಜೊತೆ ಹೊತ್ತುಕೊಂಡು ಮನೆಗೆ ಬಂದು, ಇಳಿಸಿ, ಸೀರೆಯ ಅಂಚು ಹಿಂಡಿಕೊಂಡು, ಹೊತ್ತಾಯಿತೆಂದು ಬೆಟ್ಟಸ್ವಾಮಿಯ ಮನೆಗೆ ನಡೆದಳು. ಶಿವರುದ್ರಮ್ಮ ಇನ್ನೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಕಾಫಿ ಮಾತ್ರ ಕೊಡುತ್ತಿದ್ದಳು, ಸಕ್ಕರೆ ಕಮ್ಮಿ ಹಾಕಿ.

ನೀರು ಹಾಕಿ, ಕೂಸನ್ನು ಒರೆಸಿ ತಾಯಿಯ ಕೈಗೆ ಕೊಟ್ಟ ಮೇಲೆ ಅಂಕಮ್ಮ ತನ್ನ ಕೈಯನ್ನು ಕಡ್ಲೆಹಿಟ್ಟಿನಲ್ಲಿ ಮೊಣಕೈಯವರೆಗೆ ತಿಕ್ಕಿ ತೊಳೆದಳು. ಮತ್ತೊಮ್ಮೆ ತಿಕ್ಕಿದಳು. ಆಮೇಲೆ ಎರಡೂ ಅಂಗೈಯನ್ನು ಗಾನವಿಯ ಮುಂದೆ ಚಾಚಿದಳು.

"ನೋಡು, ಜಿಡ್ಡೈತಾ?"

ಗಾನವಿಗೆ ನಾಚಿಕೆಯಾಯಿತು. "ಅಯ್ಯೋ, ನಿಮ್ಮ ಕೈ ನಾನು ನೋಡೋದಾ ಅಜ್ಜಿ? ಇರಲ್ಲ ಬಿಡಿ."

"ಇರಲ್ಲ ಅಂತ ನಾನೂ ನಲವತ್ತೊಂದು ವರ್ಷ ಅಂದ್ಕೊಂಡಿದ್ದೆ. ಮುಟ್ಟಿ ನೋಡೇ."

ಗಾನವಿ ಆ ಸುಕ್ಕುಗಟ್ಟಿದ ಅಂಗೈಯ ಮೇಲೆ ಬೆರಳಾಡಿಸಿದಳು, ಗೆರೆಗಳ ನಡುವೆಯೂ, ಉಗುರಿನ ಸಂದಿಯಲ್ಲೂ. ಎಡಗೈಯ ಕಿರುಬೆರಳಿನ ಬುಡದಲ್ಲಿ ನಿಂತಳು.

"ಇಲ್ಲಿ ಸ್ವಲ್ಪ ಐತೆ ಅಜ್ಜಿ."

ಅಂಕಮ್ಮ ಹಿಟ್ಟಿನ ಬಟ್ಟಲಿಗೆ ಮತ್ತೆ ಕೈ ಹಾಕಿದಳು.